ಕಲ್ಲುಹೂವಿನ ಊದಾ

ಒಳಗೆ ಬನ್ನಿ, ಲೆಕ್ಕಿಗರೇ, ತಲೆ ಬಗ್ಗಿಸಿ,
ಬಾಗಿಲು ತಗ್ಗು. ಕಡಲ ಗಾಳಿ
ನಿಮ್ಮ ಬೆನ್ನಿಗೇ ನುಗ್ಗುತ್ತದೆ.
ಮೂಗು ಮುಚ್ಚಿಕೊಂಡಿರಿ, ನನಗೇನೂ ಬೇಸರವಿಲ್ಲ.
ಗೋಡೆ ಕಾಯುವ ದಂಡಿನವರೂ ಮುಚ್ಚಿಕೊಂಡೇ ಬರುತ್ತಾರೆ.
ವಾಸನೆ ಅವರದ್ದೇ.

ಹೌದು, ನಾನೇ ಎನಿಕಾ, ವಿಂಡೋಮೊರುಕನ ಮಗಳು.
ಹೌದು, ಊದಾ ಬಣ್ಣ ಕಟ್ಟಿದ್ದು ನಾನೇ.
ಬರೆದುಕೊಳ್ಳಿ. ಬರೆಯುವುದಾದರೆ ಪೂರ್ತಿ ಬರೆದುಕೊಳ್ಳಿ.

ಮೊದಲನೆಯವನು ಲೂಪಿಯಾನಸ್,
ಒಂದು ಜೊತೆ ಉಣ್ಣೆ ಕಾಲುಚೀಲದ ಬಾಕಿ ಇಟ್ಟವನು.
ಎಂಟು ತಿಂಗಳು ಸಂಬಳವಿಲ್ಲ; ಪಾಳೆಯ
ಜೀನಿನ ತೊಗಲು ಬೇಯಿಸಿ ತಿನ್ನುವ ಮಾತಾಡುತ್ತಿತ್ತು.
ಆ ರಾತ್ರಿ ಕುಡಿದವನೊಬ್ಬ "ಚಕ್ರವರ್ತಿ!" ಎಂದು ಕೂಗಿದ,
ಇನ್ನೊಬ್ಬ ಕೂಗಿದ,
ಒಲ್ಲೆ ಎನ್ನಲು ಇವನಿಗೆ ಹೊತ್ತೇ ಸಿಗಲಿಲ್ಲ.
ಗುರಾಣಿಯ ಮೇಲೆ ಕೂರಿಸಿ ಎತ್ತಿದರು,
ತೊಲೆಗೆ ತಲೆ ತಾಗಿತು.
ಆಮೇಲೆ ನೆನಪಾಯಿತು: ದೊರೆಗೆ ಊದಾ ಬೇಕಲ್ಲ.

ನಡುರಾತ್ರಿ ನನ್ನ ಅಂಗಳದಲ್ಲಿ ಹನ್ನೊಂದು ಪಂಜು.
ಬೆಳಕು ಹರಿಯುವುದರೊಳಗೆ, ಎಂದರು.
ರೋಮಿನ ದೊರೆಗಳು ಉಡುವ ಬಣ್ಣ
ಬಿಸಿಲುಸೀಮೆಯ ಶಂಖದಹುಳುವಿನ ಹೊಟ್ಟೆಯಲ್ಲಿದೆ ಮಕ್ಕಳೇ,
ಒಂದು ಅಂಚಿಗೆ ಸಾವಿರ ಹುಳು.
ನನ್ನಲ್ಲಿರುವುದು ಕಲ್ಲುಹೂವು.
ಬಂಡೆಯಿಂದ ಚಿಪ್ಪಿನಲ್ಲಿ ಕೆರೆದು,
ನಿಮ್ಮದೇ ಪಾಳೆಯದ ಹಳಸಿದ ಉಚ್ಚೆಯಲ್ಲಿ
ಮೂರು ವಾರ ನೆನೆಹಾಕಿ, ದಿನಕ್ಕೆರಡು ಸಲ ಕದಡಿ,
ಕೊಳೆಯಲು ಬಿಟ್ಟರೆ, ಒಂದು ಬೆಳಗ್ಗೆ ಕೋಲೆತ್ತಿದಾಗ
ತುದಿಯ ಹನಿ ಊದಾ ಆಗಿರುತ್ತದೆ.
ಅವನ ಪುಣ್ಯ, ಒಂದು ಹಂಡೆ ಹದಕ್ಕೆ ಬಂದಿತ್ತು,
ದೊಕ್ಕಾಳ ಮದುವೆಯ ಶಾಲಿಗೆಂದು ಇಟ್ಟದ್ದು.

ನಾಲ್ಕು ಸಲ ಅದ್ದಿದೆ.
ಒದ್ದೆಯನ್ನೇ ಹೊದ್ದ, ಹಲ್ಲು ಕಡಿಯುತ್ತಾ.
ಹೆಗಲ ಕೊಕ್ಕೆ ಸಿಕ್ಕಿಸಿದವಳೂ ನಾನೇ;
ಕತ್ತಿನ ಮೇಲೆ ಬಣ್ಣ ಇಳಿಯುತ್ತಿತ್ತು.
"ಕಾಲುಚೀಲದ ದುಡ್ಡು ಮರೆತಿಲ್ಲ ಎನಿಕಾ," ಎಂದ.
ಸಾಮ್ರಾಜ್ಯ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು
ಮತ್ತೆ ನಾನು ಕೇಳಿಲ್ಲ.

ಈ ಊದಾ ಬಿಸಿಲಿಗೆ ಬಾಳದು, ಅದನ್ನೂ ಹೇಳಿದ್ದೆ.
ಈ ಸೀಮೆಯಲ್ಲಿ ಬಿಸಿಲೆಲ್ಲಿ ಅಜ್ಜೀ, ಎಂದು ನಕ್ಕರು.
ನಡೆದದ್ದು ಮಾತ್ರ ತೆಂಕಣಕ್ಕೆ.
ಸುಗ್ಗಿಯ ಹೊತ್ತಿಗೆ ಹೊದಿಕೆ ಹೊಗೆಯ ಬಣ್ಣಕ್ಕೆ ತಿರುಗಿತ್ತಂತೆ,
ಹಡಗು ಕಾಯುವ ದಡದಲ್ಲಿ ಅವನವರೇ ಇರಿದರಂತೆ.
ಬಣ್ಣ ಬಯಲಾಯಿತು ಎಂದು ಊರು ಆಡಿಕೊಂಡಿತು.
ಯಾರದ್ದು, ಎಂದು ಯಾರೂ ಕೇಳಲಿಲ್ಲ.

ಎರಡನೆಯವನು ಕಣಜದ ಸೆನೆಕಿಯೋ.
ಮುಂಗಡ ಕೊಟ್ಟ, ತನ್ನದೇ ಮುಖದ ನಾಣ್ಯ,
ಇನ್ನೂ ಬೆಚ್ಚಗಿತ್ತು. ಮೂಗು ಮಾತ್ರ
ಹಿಂದಿನವನದ್ದು; ಅಚ್ಚು ತಿದ್ದಲು ಪುರಸೊತ್ತಿರಲಿಲ್ಲ.
ಹದಿನೇಳು ದಿನ.

ಮೂರನೆಯವನ ಹೆಸರು ನನಗೆ ಗೊತ್ತಿಲ್ಲ.
ಗಡ್ಡ ಸರಿಯಾಗಿ ಬಂದಿರಲಿಲ್ಲ.
ಒಯ್ಯಲು ಯಾರೂ ಬರಲಿಲ್ಲ, ಹೊದಿಕೆ
ಹಗ್ಗದ ಮೇಲೆಯೇ ಮಳೆಯಲ್ಲಿ ನೇತಾಡಿತು.

ಅದೆಲ್ಲಿ ಎಂದಿರಾ?
ತೊಗಟೆಯ ನೀರಲ್ಲಿ ಕುದಿಸಿ ಕಂದು ಮಾಡಿದೆ.
ಒಳ್ಳೆಯ ಉಣ್ಣೆ, ದೊರೆ ಸತ್ತನೆಂದು ಎಸೆಯುತ್ತಾರೆಯೇ?
ಅಗೋ, ನನ್ನ ಮೊಮ್ಮಗಳು ಹೊದ್ದು ಮಲಗಿದ್ದಾಳೆ.
ಅಂಚಿನ ಹೊಲಿಗೆ ಬಿಚ್ಚಿದರೆ ಒಂದೆಳೆ ಊದಾ
ಒಳಗೆ ಉಳಿದಿದ್ದೀತು.
ಬಿಚ್ಚುವುದಾದರೆ ಮೆಲ್ಲಗೆ, ಈಗಷ್ಟೇ ಜ್ವರ ಬಿಟ್ಟಿದೆ.

ಇದನ್ನೂ ಬರೆಯಿರಿ: ಗೋಡೆಯ ಬಡಗಣ ಬದಿಗೆ
ನಾನು ಕೆರೆದ ಬಂಡೆಗಳು ಇನ್ನೂ ಬೋಳಾಗಿವೆ.
ಕಲ್ಲುಹೂವು ವರ್ಷಕ್ಕೆ ಉಗುರಂಚಿನಷ್ಟು ಬೆಳೆಯುತ್ತದೆ.
ಅದಕ್ಕಿಂತ ಬೇಗ ನೀವು ಚಕ್ರವರ್ತಿಗಳನ್ನು ಬೆಳೆದರೆ
ನಾನೇನು ಮಾಡಲಿ?

ತುಸು ಸರಿಯಿರಿ, ಆ ಹಂಡೆ ಕದಡುವ ಹೊತ್ತು.
ಇದೇ? ಇದು ಯಾವ ದೊರೆಗೂ ಅಲ್ಲ.
ದೊಕ್ಕಾಳಿಗೆ. ಮದುವೆಯಾಗಿ ಆರು ವರ್ಷ, ಇಬ್ಬರು ಮಕ್ಕಳು.
ಆದರೂ ಬೇಕಂತೆ.